ಕೈರೋಪ್ರಾಕ್ಟಿಕ್ ಕಾಲೇಜಿಗೆ ಗಂಡ-ಹೆಂಡತಿ ಸೇರಿ ಕೊಡುವುದು ಹೇಗೆ

ಕೈರೋಪ್ರಾಕ್ಟಿಕ್ ಎಂದರೆ ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಸರಿಪಡಿಸುವ ಚಿಕಿತ್ಸೆ. ಅಮೆರಿಕದಲ್ಲಿ ಅದನ್ನು ಕಲಿಸುವ ಕಾಲೇಜುಗಳ ಚರಿತ್ರೆ ಕೆದಕಿದರೆ ಅಲ್ಲಲ್ಲಿ ಒಂದು ಜೋಡಿ ಎದುರಾಗುತ್ತದೆ. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಈ ವಿದ್ಯೆಗೆ ನಾಂದಿ ಹಾಡಿದವರು ಡಿ. ಡಿ. ಪಾಮರ್. ಶಾಲೆಯನ್ನು ಬೆಳೆಸಿದ್ದು ಅವರ ಮಗ ಬಿ. ಜೆ. ಪಾಮರ್. ಅಲ್ಲಿ ಅಂಗರಚನಾಶಾಸ್ತ್ರ ಕಲಿಸಿದವರು ಬಿ. ಜೆ. ಅವರ ಹೆಂಡತಿ ಮೇಬಲ್. ಲಾಸ್ ಏಂಜಲೀಸ್‌ನ ಕಾಲೇಜನ್ನು 1911ರಲ್ಲಿ ತೆರೆದದ್ದು ಚಾರ್ಲ್ಸ್ ಮತ್ತು ಲಿನಿ ಕೇಲ್ ದಂಪತಿ. 1922ರಲ್ಲಿ ಕ್ಯಾನ್ಸಾಸ್ ಸಿಟಿಯ ಕಾಲೇಜು ಶುರುವಾದಾಗ ಸಿ. ಎಸ್. ಕ್ಲೀವ್‌ಲ್ಯಾಂಡ್ ಜೊತೆ ಪತ್ನಿ ರೂತ್ ಕೂಡ ಸ್ಥಾಪಕರ ಸಾಲಿನಲ್ಲಿದ್ದರು.

ಇದು ಆಕಸ್ಮಿಕವಲ್ಲ. ಈ ಶಿಕ್ಷಣಕ್ಕೆ ಸರ್ಕಾರಿ ವಿಶ್ವವಿದ್ಯಾಲಯಗಳ ಆಸರೆ ಸಿಕ್ಕಿದ್ದು ತೀರಾ ಕಡಿಮೆ. ವೃತ್ತಿಗೆ ಲೈಸೆನ್ಸ್ ಕಾನೂನು ಮೊದಲು ಬಂದದ್ದು 1913ರಲ್ಲಿ, ಕ್ಯಾನ್ಸಾಸ್‌ನಲ್ಲಿ. ಕೊನೆಗೆ ಒಪ್ಪಿದ ಲೂಯಿಸಿಯಾನಾಕ್ಕೆ 1974ರವರೆಗೆ ಸಮಯ ಬೇಕಾಯಿತು. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೈರೋಪ್ರಾಕ್ಟಿಕ್ ವಿಭಾಗ ತೆರೆಯುವ ಪ್ರಸ್ತಾವವನ್ನು 2005ರಲ್ಲಿ ಆ ರಾಜ್ಯದ ಉನ್ನತ ಶಿಕ್ಷಣ ಮಂಡಳಿಯೇ ತಿರಸ್ಕರಿಸಿತು. ಹಾಗಾಗಿ ಇಲ್ಲಿನ ಕಾಲೇಜುಗಳು ಬಹುಪಾಲು ಖಾಸಗಿ. ವಿದ್ಯಾರ್ಥಿಗಳ ಶುಲ್ಕ ಮತ್ತು ಹಳೆಯ ವಿದ್ಯಾರ್ಥಿಗಳ ಕೈ ಎಷ್ಟು ನೀಡುತ್ತದೋ ಅಷ್ಟರಲ್ಲಿ ನಡೆಯುತ್ತವೆ. ಕೊಡುವ ಆ ಕೈಗಳು ಎಷ್ಟೋ ಸಲ ಒಂದೇ ಕ್ಲಿನಿಕ್‌ನ ಗಂಡ-ಹೆಂಡತಿಯದು.

ಕೊಡುವ ಮನಸ್ಸು ಇರುವವರಿಗೆ ತೊಡಕು ಬರುವುದು ಬೇರೆ ಕಡೆಯಿಂದ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಕಾಲೇಜಿನ ಅಧ್ಯಕ್ಷರು ಬದಲಾಗುತ್ತಾರೆ, ಪಠ್ಯಕ್ರಮ ಬದಲಾಗುತ್ತದೆ, ಕಾಲೇಜಿನ ಹೆಸರೇ ಬದಲಾಗುತ್ತದೆ. ನಿಮ್ಮಿಬ್ಬರನ್ನೂ ನೋಡಿಯೇ ಇಲ್ಲದ ಗುಮಾಸ್ತರೊಬ್ಬರು ಮೂವತ್ತು ವರ್ಷದ ನಂತರ ಕಡತ ತೆರೆದಾಗ ಏನು ಮಾಡಬೇಕೆಂದು ಅವರಿಗೆ ತಿಳಿಯಬೇಕು. ಕೆಳಗಿನ ಪ್ರತಿ ಹೆಜ್ಜೆಯನ್ನೂ ಆ ಗುಮಾಸ್ತರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದೆ. ತೆರಿಗೆಯ ಅಂಕಿಗಳು ಅಮೆರಿಕದ ಒಕ್ಕೂಟ ಸರ್ಕಾರದವು. ರಾಜ್ಯದ ತೆರಿಗೆ ಬೇರೆ ಲೆಕ್ಕ.

ಮೊದಲು ಕಾಲೇಜನ್ನು ತಪಾಸಣೆ ಮಾಡಿ

ಕ್ಲಿನಿಕ್‌ಗೆ ಬಂದವರ ಬೆನ್ನು ಮುಟ್ಟುವ ಮೊದಲು ಪೂರ್ವಾಪರ ಕೇಳುತ್ತೀರಲ್ಲ, ಇಲ್ಲೂ ಹಾಗೇ. ಓದಿದ ಕಾಲೇಜು ಎಂಬ ಮಮತೆ ಒಳ್ಳೆಯದೇ, ಆದರೆ ಅದು ಲೆಕ್ಕಪತ್ರವಲ್ಲ. ಮೂರು ಕಾಗದ ತರಿಸಿಕೊಳ್ಳಿ.

ಮೊದಲನೆಯದು ಫಾರ್ಮ್ 990. ಲಾಭರಹಿತ ಕಾಲೇಜು ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಈ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಒಂದು ವರ್ಷದ್ದು ಸಾಲದು, ಐದು ವರ್ಷದ್ದು ಸಾಲಾಗಿ ಇಟ್ಟು ನೋಡಿ. ಆದಾಯದಲ್ಲಿ ಶುಲ್ಕದ ಪಾಲು ಎಷ್ಟು, ದತ್ತಿನಿಧಿ ಬೆಳೆಯುತ್ತಿದೆಯೋ ಕರಗುತ್ತಿದೆಯೋ, ಮೂರು ವರ್ಷ ಸತತ ಕೊರತೆ ಇದೆಯೇ? ಎರಡನೆಯದು ಮಾನ್ಯತೆಯ ಸ್ಥಿತಿ. ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಕೋರ್ಸಿಗೆ ಮಾನ್ಯತೆ ಕೊಡುವುದು ಕೌನ್ಸಿಲ್ ಆನ್ ಕೈರೋಪ್ರಾಕ್ಟಿಕ್ ಎಜುಕೇಷನ್. ಅದು ಕನಿಷ್ಠ 4,200 ಗಂಟೆಗಳ ಬೋಧನೆ ಕೇಳುತ್ತದೆ. ಕಾಲೇಜು ಎಚ್ಚರಿಕೆ ಅಥವಾ ಪರೀಕ್ಷಾವಧಿಯಲ್ಲಿದ್ದರೆ ಕೊಡಬಾರದು ಎಂದೇನಿಲ್ಲ, ಆದರೆ ಶಾಶ್ವತ ದತ್ತಿ ಇಡುವ ಸಮಯ ಅದಲ್ಲ. ಮೂರನೆಯದು ಲೈಸೆನ್ಸ್‌ಗೆ ಬೇಕಾದ ನ್ಯಾಷನಲ್ ಬೋರ್ಡ್ ಪರೀಕ್ಷೆಯ ಫಲಿತಾಂಶ ಮತ್ತು ಸೇರಿದವರಲ್ಲಿ ಕೋರ್ಸ್ ಮುಗಿಸಿದವರ ಪ್ರಮಾಣ. ಎರಡನ್ನೂ ಕಾಲೇಜೇ ಪ್ರಕಟಿಸುತ್ತದೆ.

ಇನ್ನೊಂದು ಸಣ್ಣ ಕೆಲಸವನ್ನು ಈಗಲೇ ಮುಗಿಸಿ: ಕಾಲೇಜಿನ ಕಾನೂನುಬದ್ಧ ಪೂರ್ಣ ಹೆಸರು ಮತ್ತು ಒಂಬತ್ತು ಅಂಕಿಯ ತೆರಿಗೆ ಗುರುತಿನ ಸಂಖ್ಯೆ ಬರೆದುಕೊಳ್ಳಿ. ನ್ಯಾಷನಲ್ ಕಾಲೇಜ್ ಆಫ್ ಕೈರೋಪ್ರಾಕ್ಟಿಕ್ 2000ರಲ್ಲಿ ನ್ಯಾಷನಲ್ ಯೂನಿವರ್ಸಿಟಿ ಆಫ್ ಹೆಲ್ತ್ ಸೈನ್ಸಸ್ ಆಯಿತು. ನ್ಯೂಯಾರ್ಕ್ ಕೈರೋಪ್ರಾಕ್ಟಿಕ್ ಕಾಲೇಜ್ 2021ರಲ್ಲಿ ನಾರ್ತ್‌ಈಸ್ಟ್ ಕಾಲೇಜ್ ಆಫ್ ಹೆಲ್ತ್ ಸೈನ್ಸಸ್ ಆಯಿತು. ವಿಲ್‌ನಲ್ಲಿ ‘ನಾವು ಓದಿದ ಕೈರೋ ಕಾಲೇಜಿಗೆ’ ಎಂದಷ್ಟೇ ಬರೆದರೆ ಮುಂದೆ ವಕೀಲರ ಹೊಟ್ಟೆ ತುಂಬುತ್ತದೆ, ವಿದ್ಯಾರ್ಥಿಯದಲ್ಲ.

ಹಣಕ್ಕಿಂತ ಮೊದಲು ಸಮಯ

ಕೋರ್ಸಿನ ಕೊನೆಯ ಹಂತದ ವಿದ್ಯಾರ್ಥಿಯನ್ನು ಕ್ಲಿನಿಕ್‌ನಲ್ಲಿ ಇಟ್ಟುಕೊಂಡು ಕಲಿಸುವ ಪ್ರಿಸೆಪ್ಟರ್ ಕೆಲಸವೇ ಎಲ್ಲಕ್ಕಿಂತ ಒಳ್ಳೆಯ ಆರಂಭ. ಒಪ್ಪುವ ಮೊದಲು ಮೂರು ವಿಷಯ ಬರಹದಲ್ಲಿ ಇರಲಿ: ನಿಮ್ಮ ರಾಜ್ಯದ ಬೋರ್ಡ್ ವಿದ್ಯಾರ್ಥಿಗೆ ಏನೇನು ಮಾಡಲು ಬಿಡುತ್ತದೆ, ವಿದ್ಯಾರ್ಥಿಯ ವೃತ್ತಿಲೋಪ ವಿಮೆ ಯಾರದು, ನಿಮ್ಮ ವಿಮಾ ಕಂಪನಿಗೆ ತಿಳಿಸಿದ್ದೀರಾ. ದಂಪತಿಯ ಕ್ಲಿನಿಕ್‌ನಲ್ಲಿ ಮಾತ್ರ ಹುಟ್ಟುವ ತಾಪತ್ರಯ ಇನ್ನೊಂದಿದೆ. ಕಾಲೇಜಿನ ಒಪ್ಪಂದದಲ್ಲಿ ಗಂಡನ ಹೆಸರಿರುತ್ತದೆ, ಮಧ್ಯಾಹ್ನ ಮೇಲ್ವಿಚಾರಣೆ ಮಾಡುವುದು ಹೆಂಡತಿ. ಏನಾದರೂ ಎಡವಟ್ಟಾದರೆ ಆ ಮಧ್ಯಾಹ್ನಕ್ಕೆ ಹೊಣೆ ಯಾರು? ಇಬ್ಬರೂ ಲೈಸೆನ್ಸ್ ಉಳ್ಳವರಾದರೆ ಇಬ್ಬರ ಹೆಸರನ್ನೂ ಒಪ್ಪಂದಕ್ಕೆ ಸೇರಿಸಿ. ಒಬ್ಬರು ಲೆಕ್ಕ, ಮುಂಗಟ್ಟು ನೋಡಿಕೊಳ್ಳುವವರಾದರೆ ವಿದ್ಯಾರ್ಥಿಗೆ ಬಿಲ್ಲಿಂಗ್, ವಿಮಾ ಕ್ಲೇಮು, ದಾಖಲಾತಿ ಕಲಿಸುವ ವಾರವೊಂದನ್ನು ಅವರಿಗೇ ಮೀಸಲಿಡಿ. ಕೆಲಸಕ್ಕೆ ಇಳಿದ ಹೊಸಬರು ಎಡವುವುದು ಬೆನ್ನೆಲುಬಿಗಿಂತ ಅಲ್ಲೇ ಹೆಚ್ಚು.

ನೀವು ದುಡಿದ ಗಂಟೆಗಳಿಗೆ ತೆರಿಗೆ ವಿನಾಯಿತಿ ಇಲ್ಲ. ಗಂಟೆಗೆ ಇಷ್ಟು ಎಂದು ಬೆಲೆ ಕಟ್ಟಿ ಬರೆದರೆ ಅದು ನಿಲ್ಲುವುದಿಲ್ಲ. ಆದರೆ ಕಾಲೇಜಿನ ಸೇವೆಗಾಗಿ ಕೈಯಿಂದ ಖರ್ಚು ಮಾಡಿ ವಾಪಸ್ ಪಡೆಯದ ಹಣ ಲೆಕ್ಕಕ್ಕೆ ಬರುತ್ತದೆ: ವಿಮಾನದ ಟಿಕೆಟ್, ಹೋಟೆಲ್, ಸ್ವಂತ ಕಾರಿಗೆ ಮೈಲಿಗೆ 14 ಸೆಂಟ್. ಈ 14 ಸೆಂಟ್ ಕಾನೂನಿನಲ್ಲೇ ಬರೆದಿಟ್ಟ ದರ, ವ್ಯಾಪಾರದ ಮೈಲಿ ದರದಂತೆ ವರ್ಷವರ್ಷ ಏರುವುದಿಲ್ಲ. ಸಭೆಗೆ ಜೊತೆಗೆ ಬಂದ ಸಂಗಾತಿಗೆ ಅಲ್ಲಿ ಸ್ವಂತ ಕೆಲಸ ಇರದಿದ್ದರೆ ಅವರ ಟಿಕೆಟ್ ಸೇರಿಸಬೇಡಿ.

ಆಡಳಿತ ಮಂಡಳಿಗೆ ಕರೆ ಬಂದರೆ ಒಬ್ಬರು ಹೋಗಿ, ಇಬ್ಬರೂ ಬೇಡ. ಒಂದೇ ಮನೆಯ ಎರಡು ಮತಗಳಿದ್ದರೆ ಉಳಿದ ಸದಸ್ಯರು ಬಾಯಿಬಿಟ್ಟು ಮಾತಾಡುವುದಿಲ್ಲ. ಇನ್ನೊಬ್ಬರಿಗೆ ಹಳೆಯ ವಿದ್ಯಾರ್ಥಿಗಳ ಸಂಘವೋ ಗ್ರಂಥಾಲಯ ಸಮಿತಿಯೋ ಇದ್ದೇ ಇದೆ. ಮಂಡಳಿಯಲ್ಲಿರುವಾಗ ನಿಮ್ಮ ಅಥವಾ ಸಂಗಾತಿಯ ಕಂಪನಿಯಿಂದ ಕಾಲೇಜು ಏನಾದರೂ ಕೊಳ್ಳುವ ಪ್ರಸಂಗ ಬಂದರೆ, ಆ ಸಂಬಂಧವನ್ನು ಬರಹದಲ್ಲಿ ತಿಳಿಸಿ, ಚರ್ಚೆಯ ವೇಳೆ ಕೋಣೆಯಿಂದ ಹೊರಗಿರಿ. ಮತ ಹಾಕದೆ ಒಳಗೇ ಕೂತಿದ್ದರೆ ಸಾಲದು. ಹೊರಗಿದ್ದದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ಮುಂದಿನ ಸಭೆಯಲ್ಲಿ ಓದಿ ನೋಡಿ.

ಟೇಬಲ್, ಎಕ್ಸ್‌ರೇ, ಹಳೆಯ ಪುಸ್ತಕ

ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಎನ್ನುತ್ತಾರೆ. ಕಾಲೇಜು ಎಣಿಸುತ್ತದೆ, ಎಣಿಸಲೇಬೇಕು.

ನಿವೃತ್ತಿಯ ವೇಳೆ ಕ್ಲಿನಿಕ್ ಖಾಲಿ ಮಾಡುವ ದಂಪತಿ ಮಾಡುವ ದೊಡ್ಡ ತಪ್ಪು ಎಂದರೆ ಕೇಳದೆ ಟ್ರಕ್ ತುಂಬಿಸಿ ಕಳಿಸುವುದು. ಮೊದಲು ಫೋಟೊ, ತಯಾರಕರ ಹೆಸರು, ಮಾದರಿ ಸಂಖ್ಯೆ, ವರ್ಷ ಕಳಿಸಿ. ಒತ್ತಿದಾಗ ಒಂದು ಭಾಗ ತುಸು ಕೆಳಗಿಳಿಯುವ ಡ್ರಾಪ್ ಟೇಬಲ್ ಆದರೆ ಪ್ರತಿ ಡ್ರಾಪ್ ಅನ್ನೂ ಎತ್ತಿ, ಅದು ಹಿಡಿದು ನಿಲ್ಲುತ್ತದೆಯೇ, ಒತ್ತಡದ ಗುಂಡಿ ತಿರುಗಿಸಿದಾಗ ಬಿಗಿ-ಸಡಿಲ ಆಗುತ್ತದೆಯೇ ಪರೀಕ್ಷಿಸಿ ಬರೆಯಿರಿ. ಫ್ಲೆಕ್ಷನ್ ಟೇಬಲ್ ಆದರೆ ಕೆಳಭಾಗ ಜರ್ಕ್ ಇಲ್ಲದೆ ಇಳಿಯಬೇಕು. ಎತ್ತರ ಏರಿಳಿಯುವ ಟೇಬಲ್‌ನಲ್ಲಿ ಎಣ್ಣೆ ಸೋರಿಕೆ, ಪೆಡಲ್‌ನ ವೈರು ನೋಡಿ. ರೆಕ್ಸಿನ್ ಹರಿದಿದ್ದರೆ ಹೊಸ ಹೊದಿಕೆ ಹಾಕಿಸುವ ಖರ್ಚನ್ನೂ ನೀವೇ ಕೊಡಿ. ಹರಿದ ಹೊದಿಕೆಯನ್ನು ಸೋಂಕುರಹಿತ ಮಾಡಲು ಆಗುವುದಿಲ್ಲ, ಹಾಗಾಗಿ ಟೇಬಲ್ ಗೋದಾಮಿನಲ್ಲೇ ಕೊಳೆಯುತ್ತದೆ. ಬಿಡಿಭಾಗ ಸಿಗದ ಟೇಬಲ್ ಕಾಲೇಜಿಗೆ ಬಿಳಿ ಆನೆ.

ಎಕ್ಸ್‌ರೇ ಯಂತ್ರ ಇನ್ನೂ ನಾಜೂಕು. ಫಿಲ್ಮ್ ತೊಳೆಯುವ ಹಳೆಯ ಕಾಲದ ಸಲಕರಣೆ ಡಿಜಿಟಲ್‌ಗೆ ಹೋದ ಕಾಲೇಜಿಗೆ ಬೇಡ. ಬೇಕೆಂದರೂ ಯಂತ್ರ ಕೈಬದಲಾದದ್ದನ್ನು ರಾಜ್ಯದ ವಿಕಿರಣ ನಿಯಂತ್ರಣ ವಿಭಾಗಕ್ಕೆ ತಿಳಿಸಬೇಕಾಗುತ್ತದೆ. ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿ, ಪರೀಕ್ಷಿಸುವ ಖರ್ಚು ಎಷ್ಟೋ ಸಲ ಯಂತ್ರದ ಬೆಲೆಯನ್ನೇ ಮೀರುತ್ತದೆ.

ತೆರಿಗೆಯಲ್ಲಿ ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಮಾರುಕಟ್ಟೆಯಲ್ಲಿ 4,000 ಡಾಲರ್ ಬಾಳುವ ಟೇಬಲ್ ಕೊಟ್ಟೆವು, 4,000 ಕಳೆಯಬಹುದು ಎಂದುಕೊಳ್ಳುತ್ತಾರೆ. ಆದರೆ ಆ ಟೇಬಲ್‌ನ ಪೂರ್ತಿ ಬೆಲೆಯನ್ನು ಸವಕಳಿ ಎಂದು ಕ್ಲಿನಿಕ್‌ನ ಖರ್ಚಿನಲ್ಲಿ ಮೊದಲೇ ತೋರಿಸಿ ಆಗಿರುತ್ತದೆ. ಮಾರಿದ್ದರೆ ಆ 4,000 ಸಾಮಾನ್ಯ ಆದಾಯ ಆಗುತ್ತಿತ್ತು. ದಾನ ಕೊಟ್ಟಾಗ ಅಷ್ಟನ್ನು ವಿನಾಯಿತಿಯಿಂದ ಕಡಿತ ಮಾಡಬೇಕು. ಉಳಿಯುವುದು ಸೊನ್ನೆ. ಕ್ಲಿನಿಕ್ ಕಂಪನಿಯ ರೂಪದಲ್ಲಿದ್ದರೆ ಟೇಬಲ್‌ನ ಒಡೆಯ ಕಂಪನಿಯೇ ಹೊರತು ನೀವಲ್ಲ, ದಾನಿಯೂ ಅದೇ. ಇಂಥ ಟೇಬಲ್ ಅನ್ನು ಮಾರಿ, ಬಂದ ಹಣ ಕೊಡುವುದೂ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ. ಕಾಲೇಜಿಗೆ ಯಾವುದು ಅನುಕೂಲವೋ ಅದನ್ನು ಮಾಡಿ.

ವಸ್ತು ರೂಪದ ದಾನದಲ್ಲಿ 500 ಡಾಲರ್ ಮೀರಿದ ವಿನಾಯಿತಿ ಕೇಳಿದರೆ ಫಾರ್ಮ್ 8283 ಬೇಕು. 5,000 ಮೀರಿದರೆ ಅರ್ಹ ಮೌಲ್ಯಮಾಪಕರ ವರದಿಯೂ ಬೇಕು. ವರದಿ ದಾನದ ದಿನಕ್ಕಿಂತ 60 ದಿನಕ್ಕೂ ಹಿಂದಿನದ್ದಾಗಿರಬಾರದು. ಬೆಲೆ ಕಟ್ಟುವುದು ಕಾಲೇಜಿನ ಕೆಲಸವಲ್ಲ, ಅವರಿಂದ ಕೇಳಬೇಡಿ.

ಪುಸ್ತಕಗಳ ವಿಷಯ ಚುಟುಕಾಗಿ: ಪಾಮರ್ ಶಾಲೆಯ ಹಸಿರು ಹೊದಿಕೆಯ ಪುಸ್ತಕಗಳು ಕಾಲೇಜಿನ ಗ್ರಂಥಾಲಯದಲ್ಲಿ ಮೊದಲೇ ಇರುವ ಸಂಭವ ಹೆಚ್ಚು. ಅವರಿಗೆ ನಿಜವಾಗಿ ಬೇಕಾದದ್ದು ಬೇರೆಲ್ಲೂ ಸಿಗದ ಸರಕು: ಹಳೆಯ ಕ್ಲಾಸ್ ಟಿಪ್ಪಣಿ, ಪತ್ರ, ಸಂಘದ ಸಭೆಗಳ ನಡಾವಳಿ, ತಾರೀಖು ಹೆಸರು ಬರೆದ ಫೋಟೊ. ರೋಗಿಗಳ ಕಡತ, ಹೆಸರಿರುವ ಎಕ್ಸ್‌ರೇ ಮಾತ್ರ ಕೊಡಲೇಬೇಡಿ. ರೋಗಿ ಸತ್ತು 50 ವರ್ಷ ಆಗುವವರೆಗೂ ಆ ಮಾಹಿತಿಗೆ ಆರೋಗ್ಯ ಮಾಹಿತಿಯ ಗೋಪ್ಯತೆ ಕಾಯುವ ಹಿಪಾ ಕಾನೂನಿನ ರಕ್ಷಣೆ ಇದೆ.

ವಿದ್ಯಾರ್ಥಿವೇತನದ ದತ್ತಿ

ಹೆಚ್ಚು ದಂಪತಿಗಳ ಮನಸ್ಸಿನಲ್ಲಿ ಇರುವುದು ಇದೇ, ಹೆಚ್ಚು ಕೆಡುವುದೂ ಇದೇ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಸ್ನಾತಕೋತ್ತರ, ವೃತ್ತಿಪರ ಕೋರ್ಸಿನವರಿಗೆ ಒಕ್ಕೂಟ ಸರ್ಕಾರ ಕೊಡುವ ಗ್ರಾಡ್ ಪ್ಲಸ್ ಸಾಲ ನಿಲ್ಲುವುದರಿಂದ, ಶುಲ್ಕಕ್ಕೂ ಸಾಲಕ್ಕೂ ನಡುವಿನ ಕಂದಕ ತುಂಬುವ ದತ್ತಿಗೆ ಬೆಲೆ ಇನ್ನೂ ಏರಿದೆ.

ಲೆಕ್ಕದಿಂದ ಶುರು ಮಾಡೋಣ. ದತ್ತಿ ಎಂದರೆ ಅಸಲು ಕರಗಿಸದೆ, ಅದರಿಂದ ವರ್ಷಕ್ಕೆ ಒಂದು ಪಾಲು ಮಾತ್ರ ಖರ್ಚು ಮಾಡುವ ಇಡುಗಂಟು. ಕಾಲೇಜುಗಳು ಸಾಮಾನ್ಯವಾಗಿ ಶೇ 4ರಿಂದ 5 ಖರ್ಚು ಮಾಡುತ್ತವೆ. ಅದನ್ನೂ ಇವತ್ತಿನ ಮೌಲ್ಯದ ಮೇಲಲ್ಲ, ಕಳೆದ ಹಲವು ತ್ರೈಮಾಸಿಕಗಳ ಸರಾಸರಿಯ ಮೇಲೆ. ಶೇ 4ರಂತೆ 25,000 ಡಾಲರ್ ದತ್ತಿಯಿಂದ ವರ್ಷಕ್ಕೆ 1,000 ಬರುತ್ತದೆ. 50,000ದಿಂದ 2,000. 1 ಲಕ್ಷದಿಂದ 4,000. ಈಗ ಕೇಳಿಕೊಳ್ಳಿ, ವಿದ್ಯಾರ್ಥಿಯ ಕಷ್ಟದ ಯಾವ ತುಂಡನ್ನು ನೀಗಿಸಬೇಕೆಂದಿದ್ದೀರಿ? ಒಂದು ಅವಧಿಯ ಪುಸ್ತಕ, ಉಪಕರಣವೇ? 1,000 ಸಾಕಾದೀತು. ಶುಲ್ಕದಲ್ಲಿ ಎದ್ದು ಕಾಣುವ ಪಾಲೇ? ಹಾಗಾದರೆ ದತ್ತಿ ಹತ್ತು ಪಟ್ಟು ಬೇಕು, ಇಲ್ಲವೇ ದತ್ತಿಯ ಆಸೆ ಬಿಟ್ಟು ಪ್ರತಿ ವರ್ಷ ನೇರ ಹಣ ಕೊಡಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ಮಧ್ಯಮ ಗಾತ್ರದ ಉಳಿತಾಯದ ದಂಪತಿಗೆ ಎರಡರ ಮಿಶ್ರಣವೇ ಸರಿ. ಉದಾಹರಣೆಗೆ ಐದು ವರ್ಷ, ವರ್ಷಕ್ಕೆ 12,000 ಡಾಲರ್: ಅದರಲ್ಲಿ 10,000 ಇಡುಗಂಟಿಗೆ, 2,000 ಆಯಾ ವರ್ಷವೇ ವಿದ್ಯಾರ್ಥಿಗೆ. ಐದನೇ ವರ್ಷಕ್ಕೆ ಇಡುಗಂಟು 50,000 ಮುಟ್ಟಿ, ತಾನೇ 2,000 ಕೊಡುವ ಸ್ಥಿತಿಗೆ ಬರುತ್ತದೆ. ಆ ಐದು ವರ್ಷದಲ್ಲಿ ವೇತನ ಒಂದು ವರ್ಷವೂ ತಪ್ಪುವುದಿಲ್ಲ. ಬರೀ ಇಡುಗಂಟಿಗೆ ಹಾಕಿದರೆ ಆಗುವ ಬೇಸರ ಇದು: ಕನಿಷ್ಠ ಮೊತ್ತ ತುಂಬುವವರೆಗೆ, ತುಂಬಿದ ಮೇಲೂ ಮೊದಲ ವರ್ಷ, ಯಾರಿಗೂ ಒಂದು ಕಾಸೂ ಹೋಗದೆ ಹಣ ಸುಮ್ಮನೆ ಕೂತಿರುತ್ತದೆ. ದಂಪತಿಯಲ್ಲಿ ಹಿರಿಯರು ಮೊದಲ ವಿದ್ಯಾರ್ಥಿಯನ್ನು ನೋಡದೆಯೇ ಹೋಗಿಬಿಡಬಹುದು.

ಮೊತ್ತ ನಿಶ್ಚಯವಾದ ಮೇಲೆ ಕರಾರುಪತ್ರ. ಕಾಲೇಜಿನ ಸಿದ್ಧ ನಮೂನೆ ಎರಡು ಪುಟ ಇರುತ್ತದೆ, ಸಹಿ ಹಾಕಲು ಕೈ ಚುರುಗುಟ್ಟುತ್ತದೆ. ತಡೆಯಿರಿ. ಈ ಐದು ಕಲಮು ಇವೆಯೇ ನೋಡಿ:

1. ಉದ್ದೇಶ, ಒಂದೇ ವಾಕ್ಯದಲ್ಲಿ. ‘ಕೈರೋಪ್ರಾಕ್ಟಿಕ್ ಪದವಿ ಕೋರ್ಸಿನ, ಆರ್ಥಿಕ ಅಗತ್ಯವುಳ್ಳ ವಿದ್ಯಾರ್ಥಿಗಳ ಶುಲ್ಕ, ಪುಸ್ತಕ, ಕಡ್ಡಾಯ ಉಪಕರಣಕ್ಕೆ.’ ಈ ಮೂರಕ್ಕೆ ಕೊಟ್ಟ ವೇತನ ವಿದ್ಯಾರ್ಥಿಯ ತೆರಿಗೆಗೆ ಸಿಗುವುದಿಲ್ಲ. ಊಟ, ಬಾಡಿಗೆಗೆ ಕೊಟ್ಟದ್ದು ಸಿಗುತ್ತದೆ.
2. ಕಡ್ಡಾಯ ಅರ್ಹತೆ ಮತ್ತು ಆದ್ಯತೆ, ಎರಡೂ ಬೇರೆ ಬೇರೆ ಸಾಲಿನಲ್ಲಿ.
3. ಆ ವರ್ಷ ಅರ್ಹರು ಇಲ್ಲದಿದ್ದರೆ ಏನು: ಹಣ ಅಸಲಿಗೆ ಸೇರಬೇಕೋ, ಮುಂದಿನ ವರ್ಷಕ್ಕೆ ಉಳಿಯಬೇಕೋ.
4. ಆ ಕೋರ್ಸೇ ಮುಚ್ಚಿದರೆ, ಕಾಲೇಜು ಇನ್ನೊಂದರಲ್ಲಿ ವಿಲೀನವಾದರೆ ದತ್ತಿ ಎಲ್ಲಿಗೆ ಹೋಗಬೇಕು. ಮೊದಲ ಆಯ್ಕೆ, ಎರಡನೇ ಆಯ್ಕೆ ಎರಡನ್ನೂ ಬರೆಯಿರಿ.
5. ವರ್ಷಕ್ಕೊಮ್ಮೆ ವರದಿ ಯಾರಿಗೆ: ಇಬ್ಬರಿಗೆ, ಆಮೇಲೆ ಉಳಿದವರಿಗೆ, ಆಮೇಲೆ ಹೆಸರಿಸಿದ ಒಬ್ಬರಿಗೆ.

ಎರಡನೇ ಕಲಮಿನಲ್ಲೇ ಅತಿ ಹೆಚ್ಚು ದತ್ತಿಗಳು ಉಸಿರುಕಟ್ಟುವುದು. ಪ್ರೀತಿಯಿಂದಲೇ ಕಟ್ಟುನಿಟ್ಟು ಮಾಡುತ್ತಾರೆ: ನಮ್ಮ ಕೌಂಟಿಯವರೇ ಆಗಬೇಕು, ಸರಾಸರಿ ಅಂಕ 3.5 ಇರಬೇಕು, ಗೊನ್‌ಸ್ಟೆಡ್ ತಂತ್ರವನ್ನೇ ಕಲಿಯುತ್ತಿರಬೇಕು, ಸಣ್ಣ ಊರಿನಲ್ಲಿ ಕ್ಲಿನಿಕ್ ತೆರೆಯುವ ಆಸೆ ಇರಬೇಕು. ಒಂದೊಂದೂ ನ್ಯಾಯವಾದದ್ದೇ. ನಾಲ್ಕನ್ನೂ ಗುಣಿಸಿದರೆ ಹತ್ತು ವರ್ಷಕ್ಕೊಬ್ಬ ಅರ್ಹ ಸಿಕ್ಕಾನು. ಕಡ್ಡಾಯ ಒಂದೇ ಇರಲಿ, ಉಳಿದದ್ದೆಲ್ಲ ‘ಸಾಧ್ಯವಾದರೆ ಆದ್ಯತೆ’ ಎಂಬ ಸಾಲಿಗೆ ಇಳಿಯಲಿ. ತಂತ್ರದ ಹೆಸರನ್ನಂತೂ ಕಡ್ಡಾಯದಲ್ಲಿ ಇಡಲೇಬೇಡಿ. ಸಾಂಪ್ರದಾಯಿಕ ಸ್ಟ್ರೈಟ್ ಪಂಥ, ಬೇರೆ ಚಿಕಿತ್ಸೆಗಳನ್ನೂ ಬೆರೆಸುವ ಮಿಕ್ಸರ್ ಪಂಥ ಎಂಬ ಜಗಳ ಈ ವೃತ್ತಿಯ ಬಾಲ್ಯದಿಂದಲೂ ಇದೆ. ದತ್ತಿಯ ಕಾಗದದಲ್ಲಿ ಅದನ್ನು ಗೆಲ್ಲಲು ಆಗದು. ಲಿಂಗ, ಜನಾಂಗದ ಮೇಲೆ ಮೀಸಲಿಟ್ಟರೆ ಕಾಲೇಜು ತಾರತಮ್ಯ ವಿರೋಧಿ ಕಾನೂನು ತೋರಿಸಿ ನಿರಾಕರಿಸಬಹುದು. ಕಾಲೇಜು ಪ್ರವೇಶದಲ್ಲಿ ಜನಾಂಗದ ಪರಿಗಣನೆಗೆ ತಡೆ ಹಾಕಿದ ಅಮೆರಿಕದ ಸುಪ್ರೀಂ ಕೋರ್ಟಿನ 2023ರ ತೀರ್ಪಿನ ನಂತರ ಈ ವಿಷಯದಲ್ಲಿ ಎಲ್ಲರೂ ಹೆಚ್ಚು ಹುಷಾರಾಗಿದ್ದಾರೆ.

ಆಯ್ಕೆ ಯಾರದು? ನಿಮ್ಮದಲ್ಲ. ‘ನಮ್ಮ ಪ್ರಿಸೆಪ್ಟರ್‌ಶಿಪ್‌ಗೆ ಬಂದಿದ್ದ ಆ ಹುಡುಗಿಗೇ ಕೊಡಿ’ ಎಂದು ಹಣ ಕಳಿಸಿದರೆ ಅದು ತೆರಿಗೆಯ ದೃಷ್ಟಿಯಲ್ಲಿ ಕಾಲೇಜಿಗೆ ಕೊಟ್ಟ ದಾನವಲ್ಲ, ಆ ಹುಡುಗಿಗೆ ಕೊಟ್ಟ ಉಡುಗೊರೆ, ವಿನಾಯಿತಿ ಹೋಯಿತು. ಆಯ್ಕೆ ಸಮಿತಿಯಲ್ಲಿ ಒಬ್ಬರು ಕೂರಬಹುದೇ ಎಂದು ಕಾಲೇಜನ್ನು ಕೇಳಿ. ಬಿಟ್ಟರೂ ಅಲ್ಲಿ ಬಹುಮತ ಕಾಲೇಜಿನದ್ದೇ ಇರಬೇಕು. ಮಗಳೋ ಸೊಸೆಯೋ ಅದೇ ಕಾಲೇಜಿಗೆ ಸೇರಿದ ವರ್ಷ ಸಮಿತಿಯಿಂದ ದೂರ ಉಳಿಯಿರಿ. ಅವರು ಆ ವೇತನಕ್ಕೆ ಅರ್ಜಿ ಹಾಕದಿರುವುದೇ ಲೇಸು.

ಮಾರುಕಟ್ಟೆ ಬಿದ್ದು ದತ್ತಿಯ ಮೌಲ್ಯ ನೀವು ಕೊಟ್ಟದ್ದಕ್ಕಿಂತ ಕೆಳಗಿಳಿದರೆ ಏನು ಮಾಡುತ್ತೀರಿ ಎಂದು ಸಹಿಗೆ ಮೊದಲೇ ಕೇಳಿ. ದತ್ತಿನಿಧಿಗಳ ಏಕರೂಪ ಕಾನೂನು ಯುಪ್ಮಿಫಾವನ್ನು ಪೆನ್ಸಿಲ್ವೇನಿಯಾ ಬಿಟ್ಟು ಉಳಿದ ರಾಜ್ಯಗಳೆಲ್ಲ ಒಪ್ಪಿವೆ. ಅದು ಅಂಥ ಹೊತ್ತಿನಲ್ಲೂ ವಿವೇಕದಿಂದ ಖರ್ಚು ಮಾಡಲು ಬಿಡುತ್ತದೆ. ಕೆಲವು ಕಾಲೇಜುಗಳು ಮಾತ್ರ ವೇತನ ನಿಲ್ಲಿಸುತ್ತವೆ. ಅದೇ ಕಾನೂನಿನ ಮಾದರಿಯಲ್ಲಿ ಇನ್ನೊಂದು ಅಂಶ ಅಡಗಿದೆ: 20 ವರ್ಷ ದಾಟಿದ, 25,000 ಡಾಲರ್‌ಗಿಂತ ಕಡಿಮೆಯ ನಿಧಿಯ ಷರತ್ತು ಕೆಲಸಕ್ಕೆ ಬಾರದಂತಾಗಿದ್ದರೆ, ರಾಜ್ಯದ ಅಟಾರ್ನಿ ಜನರಲ್‌ಗೆ ತಿಳಿಸಿ 60 ದಿನ ಕಾದು, ಕೋರ್ಟಿಗೆ ಹೋಗದೆಯೇ ಕಾಲೇಜು ಅದನ್ನು ಬದಲಿಸಬಹುದು. ಮೊತ್ತ, ವರ್ಷಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಣ್ಣ ನಿಧಿಗೆ ಉದ್ದನೆಯ ಷರತ್ತು ಹಾಕಿ ಪ್ರಯೋಜನವಿಲ್ಲ ಎಂಬುದಕ್ಕೆ ಇದು ಇನ್ನೊಂದು ಕಾರಣ.

ಹೆಸರಿನ ವಿಷಯವನ್ನು ನಾಚಿಕೆಯಿಂದ ಬಿಟ್ಟುಬಿಡುತ್ತಾರೆ, ಆಮೇಲೆ ಫಲಕ ನೋಡಿ ನೊಂದುಕೊಳ್ಳುತ್ತಾರೆ. ಇಬ್ಬರೂ ಪದವೀಧರರಾದರೆ ‘ಡಾಕ್ಟರ್ ಮತ್ತು ಶ್ರೀಮತಿ’ ಎಂದು ಕೆತ್ತಿಸಿ ಹೆಂಡತಿಯ ಪದವಿಯನ್ನು ನುಂಗಬಾರದು. ಯಾರ ಹೆಸರು ಮೊದಲು, ಆಕೆ ಓದುವಾಗ ಇದ್ದ ತವರಿನ ಉಪನಾಮ ಬೇಕೇ ಎಂಬುದನ್ನು ಅಕ್ಷರ ಅಕ್ಷರವಾಗಿ ಕರಾರಿಗೆ ಲಗತ್ತಿಸಿ. ಕೊಠಡಿಗೆ ಹೆಸರಿಡುವುದಾದರೆ ಎಷ್ಟು ವರ್ಷ, ಕಟ್ಟಡ ಕೆಡವಿದರೆ ಹೆಸರು ಎಲ್ಲಿಗೆ? ವಿಚ್ಛೇದನ ಆದರೆ ಉಳಿದ ಕಂತು ಯಾರದು ಎಂಬುದನ್ನೂ ಕೇಳಿಬಿಡಿ. ಕೇಳಿದ ಮಾತ್ರಕ್ಕೆ ಅಪಶಕುನವಾಗದು.

ಯಾವ ಗಂಟಿನಿಂದ ಕೊಡಬೇಕು

ಚೆಕ್ ಬರೆಯುವುದು ಸುಲಭ, ಬಹುಪಾಲು ಸಲ ದುಬಾರಿ. 4,000 ಡಾಲರ್‌ಗೆ ಕೊಂಡ ಷೇರು ಈಗ 20,000 ಆಗಿದೆ ಎನ್ನಿ. ಮಾರಿ ಕೊಟ್ಟರೆ 16,000 ಲಾಭದ ಮೇಲೆ ಶೇ 15ರಂತೆ 2,400 ತೆರಿಗೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರನ್ನು ಹಾಗೇ ಕಾಲೇಜಿಗೆ ವರ್ಗಾಯಿಸಿದರೆ ಆ ತೆರಿಗೆ ಇಲ್ಲ, ವಿನಾಯಿತಿ ಪೂರ್ತಿ 20,000ಕ್ಕೆ. ನಷ್ಟದಲ್ಲಿರುವ ಷೇರಾದರೆ ಉಲ್ಟಾ ಮಾಡಿ: ಮೊದಲು ಮಾರಿ, ನಷ್ಟ ತೋರಿಸಿ, ಹಣ ಕೊಡಿ. ಇಲ್ಲಿ ಆಗುವ ಎಡವಟ್ಟು ಒಂದೇ, ಆದರೆ ಪದೇ ಪದೇ ಆಗುತ್ತದೆ. ಬ್ರೋಕರ್‌ನಿಂದ ಷೇರು ಹೋದಾಗ ಅದರ ಜೊತೆ ದಾನಿಯ ಹೆಸರು ಹೋಗುವುದಿಲ್ಲ. ಕಾಲೇಜಿನ ಖಾತೆಗೆ ಅನಾಥ ಷೇರು ಬಂದು ಬೀಳುತ್ತದೆ. ವರ್ಗಾಯಿಸುವ ದಿನವೇ ದೇಣಿಗೆ ವಿಭಾಗಕ್ಕೆ ಷೇರಿನ ಹೆಸರು, ಸಂಖ್ಯೆ, ಯಾವ ನಿಧಿಗೆ ಎಂದು ಮೇಲ್ ಮಾಡಿ.

ನಗದು ದಾನಕ್ಕೆ ಎಜಿಐನ (ಕೆಲವು ಕಡಿತಗಳ ನಂತರ ರಿಟರ್ನ್‌ನಲ್ಲಿ ತೋರಿಸುವ ಒಟ್ಟು ಆದಾಯ) ಶೇ 60, ಲಾಭದಲ್ಲಿರುವ ಷೇರು, ಆಸ್ತಿಗೆ ಶೇ 30 ಮಿತಿ; ಮೀರಿದ್ದನ್ನು ಮುಂದಿನ ಐದು ವರ್ಷಕ್ಕೆ ಒಯ್ಯಬಹುದು. 2026ರಿಂದ ಹೊಸ ನಿಯಮವೊಂದು ಸೇರಿದೆ: ಎಜಿಐನ ಮೊದಲ ಶೇ 0.5ರಷ್ಟು ದಾನಕ್ಕೆ ವಿನಾಯಿತಿ ಇಲ್ಲ. 2 ಲಕ್ಷ ಆದಾಯದ ದಂಪತಿಗೆ ಮೊದಲ 1,000 ಡಾಲರ್ ಲೆಕ್ಕಕ್ಕಿಲ್ಲ. ಖರ್ಚುಗಳನ್ನು ಪಟ್ಟಿ ಮಾಡದೆ ನಿಗದಿತ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವ ದಂಪತಿಗೆ ನಗದು ದಾನಕ್ಕೆ 2,000ದವರೆಗೆ ಪ್ರತ್ಯೇಕ ವಿನಾಯಿತಿ ಬಂದಿದೆ. ಈ ಎರಡನ್ನೂ ನೋಡಿದರೆ, ಎರಡು ಮೂರು ವರ್ಷದ ದಾನವನ್ನು ಒಂದೇ ವರ್ಷಕ್ಕೆ ಕಟ್ಟಿ ಕೊಡುವುದು ಅನೇಕರಿಗೆ ಲಾಭ.

ಇಬ್ಬರಿಗೂ ವಯಸ್ಸು 70½ ದಾಟಿದ್ದರೆ ಐಆರ್‌ಎ ಎಂಬ ವೈಯಕ್ತಿಕ ನಿವೃತ್ತಿ ಖಾತೆಯಿಂದ ನೇರವಾಗಿ ಕಾಲೇಜಿಗೆ ಕಳಿಸುವ ದಾನ, ಅಂದರೆ ಕ್ಯುಸಿಡಿಯೇ ಬಹುತೇಕ ಎಲ್ಲಕ್ಕಿಂತ ಒಳ್ಳೆಯದು. 2025ರಲ್ಲಿ ಮಿತಿ ತಲಾ 1,08,000 ಡಾಲರ್ ಇತ್ತು. ಗಂಡನ ಖಾತೆಯಿಂದ ಗಂಡನ ಪಾಲು, ಹೆಂಡತಿಯ ಖಾತೆಯಿಂದ ಹೆಂಡತಿಯ ಪಾಲು, ಒಬ್ಬರದನ್ನು ಇನ್ನೊಬ್ಬರು ಬಳಸುವಂತಿಲ್ಲ. 73ನೇ ವಯಸ್ಸಿನಿಂದ ಕಡ್ಡಾಯವಾಗಿ ತೆಗೆಯಬೇಕಾದ ಮೊತ್ತಕ್ಕೂ ಇದು ಸಂದಾಯವಾಗುತ್ತದೆ. ಉದ್ಯೋಗದ ಮೂಲಕ ಸಿಗುವ ನಿವೃತ್ತಿ ಖಾತೆ 401(ಕೆ)ಯಿಂದ ಆಗದು, ದಾನಿಯ ಸಲಹೆಯಂತೆ ಮುಂದೆ ಹಂಚುವ ಡೋನರ್ ಅಡ್ವೈಸ್ಡ್ ಫಂಡ್‌ಗೆ ಆಗದು. ಬದಲಿಗೆ ಏನನ್ನೂ ಪಡೆಯುವಂತಿಲ್ಲ. ಹಳೆಯ ವಿದ್ಯಾರ್ಥಿಗಳ ಔತಣಕೂಟದ ಒಂದು ಟಿಕೆಟ್ ಸೇರಿಕೊಂಡರೂ ಕೆಟ್ಟಿತು. ಚೆಕ್ ನಿಮ್ಮ ಹೆಸರಿಗೆ ಬಂದು ನೀವು ಕೊಟ್ಟರೂ ಕೆಟ್ಟಿತು. ಕಾಲೇಜಿನ ಹೆಸರಿಗೇ ಇರಬೇಕು.

250 ಡಾಲರ್ ಅಥವಾ ಹೆಚ್ಚಿನ ಪ್ರತಿ ದಾನಕ್ಕೂ, ಬದಲಿಗೆ ಏನು ಕೊಟ್ಟಿದ್ದೇವೆ ಅಥವಾ ಕೊಟ್ಟಿಲ್ಲ ಎಂದು ಹೇಳುವ ರಸೀದಿ ರಿಟರ್ನ್ ಸಲ್ಲಿಸುವ ಮೊದಲೇ ಕೈಯಲ್ಲಿರಬೇಕು. ಬ್ಯಾಂಕ್ ದಾಖಲೆ ಸಾಲದು, ಆಮೇಲೆ ತರಿಸಿಕೊಂಡ ಪತ್ರವೂ ಸಾಲದು.

ಕ್ಲಿನಿಕ್ ಕಟ್ಟಡ ಕೊಡುವವರಿಗೆ ಒಂದೇ ಎಚ್ಚರಿಕೆ: ಖರೀದಿದಾರರ ಜೊತೆ ಮಾರಾಟ ಪಕ್ಕಾ ಮಾಡಿಕೊಂಡ ಮೇಲೆ ಕಾಲೇಜಿಗೆ ವರ್ಗಾಯಿಸಿದರೆ ಲಾಭದ ತೆರಿಗೆ ನಿಮ್ಮ ತಲೆಗೇ ಬರಬಹುದು. ಮೊದಲು ದಾನ, ಆಮೇಲೆ ಮಾತುಕತೆ.

ಒಬ್ಬರ ನಂತರ, ಇಬ್ಬರ ನಂತರ

ಮಕ್ಕಳಿಗೂ ಕಾಲೇಜಿಗೂ ಹಂಚುವುದಾದರೆ ಐಆರ್‌ಎ ಕಾಲೇಜಿಗೆ, ಮನೆ ಮತ್ತು ಷೇರು ಮಕ್ಕಳಿಗೆ. ಐಆರ್‌ಎಯಿಂದ ಮಕ್ಕಳು ತೆಗೆಯುವ ಪ್ರತಿ ಡಾಲರ್ ಅವರ ಆದಾಯ, ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಖಾಲಿ ಮಾಡಲೇಬೇಕು. ಕಾಲೇಜಿಗೆ ಆ ತೆರಿಗೆ ಇಲ್ಲ. ಷೇರಿಗಾದರೋ ಪೋಷಕರು ತೀರಿಕೊಂಡ ದಿನದ ಬೆಲೆಯೇ ಮಕ್ಕಳ ಅಸಲು ಬೆಲೆಯಾಗುತ್ತದೆ. ಇದಕ್ಕೆ ವಿಲ್ ತಿದ್ದಬೇಕಿಲ್ಲ, ಖಾತೆಯ ನಾಮಿನಿ ಫಾರ್ಮ್ ಸಾಕು. ಹಾಗೆಯೇ, ವಿಲ್‌ನಲ್ಲಿ ಏನೇ ಬರೆದಿದ್ದರೂ ಗೆಲ್ಲುವುದು ನಾಮಿನಿ ಫಾರ್ಮೇ. 401(ಕೆ)ಗೆ ಕಾಲೇಜನ್ನು ನಾಮಿನಿ ಮಾಡಲು ಸಂಗಾತಿಯ ಲಿಖಿತ, ಸಾಕ್ಷಿ ಸಹಿತ ಒಪ್ಪಿಗೆ ಬೇಕು. ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಂಥ ದಂಪತಿಯ ಸಮಾನ ಆಸ್ತಿಯ ರಾಜ್ಯಗಳಲ್ಲಿ ಐಆರ್‌ಎಗೂ ಒಪ್ಪಿಗೆ ಪಡೆದಿಡುವುದು ಕ್ಷೇಮ.

ವಿಲ್‌ನಲ್ಲಿ ನಿಗದಿತ ಮೊತ್ತಕ್ಕಿಂತ ಶೇಕಡಾ ಪಾಲು ಬರೆಯಿರಿ. 2 ಲಕ್ಷ ಕಾಲೇಜಿಗೆ ಎಂದು ಬರೆದ ಮೇಲೆ ಆಸ್ಪತ್ರೆ, ಆರೈಕೆಗೆ ಹಣ ಕರಗಿದರೆ ಮಕ್ಕಳ ಪಾಲಿಗೆ ಚಿಪ್ಪು ಉಳಿಯುತ್ತದೆ. ಶೇ 10 ಎಂದಿದ್ದರೆ ಎಲ್ಲರದೂ ಒಟ್ಟಿಗೆ ಕುಗ್ಗುತ್ತದೆ. ದಂಪತಿ ಮರೆಯುವ ಇನ್ನೊಂದು ಸಂಗತಿ: ಇಬ್ಬರೂ ಒಂದೇ ರೀತಿಯ ವಿಲ್ ಬರೆದು, ಒಬ್ಬರು ತೀರಿದ ಮೇಲೆ ಉಳಿದವರು ತಮ್ಮ ವಿಲ್ ಬದಲಿಸಲು ಸಾಮಾನ್ಯವಾಗಿ ಸ್ವತಂತ್ರರು. ಮರುಮದುವೆ, ಮರೆವು, ಯಾರದೋ ಒತ್ತಾಯ, ಏನು ಬೇಕಾದರೂ ಆಗಬಹುದು. ಕಾಲೇಜಿನ ಪಾಲು ಅಲುಗಬಾರದು ಎಂದರೆ ಅದನ್ನು ಟ್ರಸ್ಟ್‌ನಲ್ಲಿ ಬಂಧಿಸಿ. ಅಲುಗಿದರೂ ಚಿಂತೆಯಿಲ್ಲ, ಉಳಿದವರ ನೆಮ್ಮದಿ ದೊಡ್ಡದು ಎಂದರೆ ಬಿಡಿ. ಎರಡೂ ಸರಿ, ಆದರೆ ಇಬ್ಬರೂ ಕೂತು ಮಾತಾಡಿ ಆರಿಸಿರಬೇಕು.

ಬದುಕಿರುವವರೆಗೆ ಆದಾಯ ಬೇಕು, ಉಳಿದದ್ದು ಕಾಲೇಜಿಗೆ ಎನ್ನುವವರಿಗೆ ಚಾರಿಟಬಲ್ ರಿಮೇಂಡರ್ ಟ್ರಸ್ಟ್ ಇದೆ. ವರ್ಷದ ಪಾವತಿ ಕನಿಷ್ಠ ಶೇ 5, ಗರಿಷ್ಠ ಶೇ 50. ಕೊನೆಗೆ ಕಾಲೇಜಿಗೆ ಸೇರುವ ಪಾಲಿನ ಇಂದಿನ ಮೌಲ್ಯ ಕನಿಷ್ಠ ಶೇ 10 ಇರಲೇಬೇಕು. ಐವತ್ತರ ಆಸುಪಾಸಿನ ದಂಪತಿ ಇಬ್ಬರ ಜೀವಿತಾವಧಿಗೂ ದೊಡ್ಡ ಪಾವತಿ ಕೇಳಿದರೆ ಲೆಕ್ಕ ಈ ಶೇ 10ರಲ್ಲೇ ಮುಗ್ಗರಿಸುತ್ತದೆ. ಸಣ್ಣ ಮೊತ್ತಕ್ಕೆ, ದಾನ ಪಡೆದ ಕಾಲೇಜೇ ಜೀವನಪೂರ್ತಿ ನಿಗದಿತ ಹಣ ಕೊಡುವ ಗಿಫ್ಟ್ ಆನ್ಯುಯಿಟಿ ಸಾಕು. ಆದರೆ ಅದರ ಪಾವತಿಗೆ ಆಧಾರ ಕಾಲೇಜಿನ ಸ್ವಂತ ಬೊಕ್ಕಸ ಮಾತ್ರ. ಮೊದಲು ತರಿಸಿದ ಆ ಐದು ಫಾರ್ಮ್ 990ಗಳನ್ನು ಇಲ್ಲಿ ಇನ್ನೊಮ್ಮೆ ತೆರೆಯಿರಿ.

ದೇಹದಾನದ ಮನಸ್ಸಿದ್ದರೆ, ಕಾಲೇಜು ನೇರವಾಗಿ ಪಡೆಯುತ್ತದೆಯೋ ರಾಜ್ಯದ ಅಂಗರಚನಾ ಮಂಡಳಿಯ ಮೂಲಕವೋ ವಿಚಾರಿಸಿ, ಒಪ್ಪಿಗೆ ಪತ್ರವನ್ನು ಇಬ್ಬರೂ ಬೇರೆ ಬೇರೆ ತುಂಬಿ. ಮರಣೋತ್ತರ ಪರೀಕ್ಷೆ ಆದರೆ, ಕೆಲವು ಸೋಂಕುಗಳಿದ್ದರೆ ನಿರಾಕರಿಸುತ್ತಾರೆ. ಹಾಗಾಗಿ ಅಂತ್ಯಕ್ರಿಯೆಯ ಇನ್ನೊಂದು ಏರ್ಪಾಡೂ ಬರಹದಲ್ಲಿರಲಿ.

ಕಡತ

ಎಲ್ಲವನ್ನೂ ಒಂದು ಕಡತದಲ್ಲಿ ಕಟ್ಟಿಡಿ: ಕರಾರುಪತ್ರ, ಹೆಸರಿನ ಲಗತ್ತು, ನಾಮಿನಿ ಫಾರ್ಮ್‌ಗಳ ಪ್ರತಿ, ರಸೀದಿಗಳು, ಕಾಲೇಜಿನ ಗುರುತಿನ ಸಂಖ್ಯೆ, ವರ್ಷದ ವರದಿ. ಒಂದು ಪ್ರತಿ ವಕೀಲರಿಗೆ, ಒಂದು ಮಕ್ಕಳಲ್ಲಿ ಒಬ್ಬರಿಗೆ, ಒಂದು ಕಾಲೇಜಿಗೆ. ಪ್ರತಿ ಜನವರಿ ಇಬ್ಬರೂ ಕೂತು ಒಮ್ಮೆ ತೆರೆಯಿರಿ. ವೇತನ ಕಳೆದ ವರ್ಷ ಯಾರಿಗಾದರೂ ಹೋಯಿತೇ, ಹೋಗದಿದ್ದರೆ ಯಾಕೆ ಎಂದು ದೇಣಿಗೆ ವಿಭಾಗಕ್ಕೆ ಫೋನ್ ಮಾಡಿ. ಈ ಫೋನನ್ನು ಯಾವಾಗಲೂ ಒಬ್ಬರೇ ಮಾಡುತ್ತಿದ್ದರೆ ಈ ವರ್ಷ ಇನ್ನೊಬ್ಬರು ಮಾಡಲಿ.